ಆನೆ ನಡೆದದ್ದೆಲ್ಲ ದಾರಿಯಲ್ಲ

1971ರ ಡಿಸೆಂಬರ್ ತಿಂಗಳ ನಡುಭಾಗ. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ನಮ್ಮ ಬೀದಿಯಲ್ಲಿ ರೇಡಿಯೊ ಇದ್ದದ್ದು ಒಂದೆರಡು ಮನೆಗಳಲ್ಲಿ ಮಾತ್ರ. ಸಂಜೆಯ ವಾರ್ತೆಯ ಹೊತ್ತಿಗೆ ಅಕ್ಕಪಕ್ಕದವರೆಲ್ಲ ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ನಮ್ಮ ಸೇನೆ ಢಾಕಾದತ್ತ ಮುನ್ನುಗ್ಗುತ್ತಿದೆ ಎಂಬ ಸುದ್ದಿಗೆ ದಿನವೂ ಅರಳುತ್ತಿದ್ದ ಆ ಮುಖಗಳು ಒಂದು ಸಂಜೆ ಇದ್ದಕ್ಕಿದ್ದಂತೆ ಬಾಡಿದವು. ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಯತ್ತ ಹೊರಟಿದೆ ಎಂಬ ವಾರ್ತೆ ಹಬ್ಬಿತ್ತು. ಅದರ ಮುಂಚೂಣಿಯಲ್ಲಿದ್ದದ್ದು ‘ಎಂಟರ್‌ಪ್ರೈಸ್’, ಜಗತ್ತಿನ ಮೊದಲ ಅಣುಚಾಲಿತ ವಿಮಾನವಾಹಕ ನೌಕೆ. ಅದರ ತೂಕ 75 ಸಾವಿರ ಟನ್ನಿನ ಆಸುಪಾಸು. ನಮ್ಮ ‘ವಿಕ್ರಾಂತ್’ ಸುಮಾರು 20 ಸಾವಿರ ಟನ್ನಿನದು. ಹಿರಿಯರೊಬ್ಬರು ‘ಇನ್ನು ಮುಗಿಯಿತು’ ಎಂದು ನಿಟ್ಟುಸಿರುಬಿಟ್ಟದ್ದು ನನಗೆ ಇಂದಿಗೂ ನೆನಪಿದೆ.

ಆದರೆ ಏನೂ ಮುಗಿಯಲಿಲ್ಲ. ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಸುಮಾರು 93 ಸಾವಿರ ಮಂದಿ ಸೆರೆಯಾದರು, ಬಾಂಗ್ಲಾದೇಶ ಹುಟ್ಟಿತು. ಎಂಟರ್‌ಪ್ರೈಸ್ ಒಂದು ಗುಂಡನ್ನೂ ಹಾರಿಸದೆ ಹಿಂದಿರುಗಿತು. ಆ ವರ್ಷದ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ನಾವು ಮಾಡಿಕೊಂಡಿದ್ದ ಒಪ್ಪಂದ, ಅಮೆರಿಕದ ಹಡಗುಗಳ ಬೆನ್ನಿಗೇ ಬಂದ ಸೋವಿಯತ್ ನೌಕೆಗಳು, ಎಲ್ಲಕ್ಕೂ ಮಿಗಿಲಾಗಿ ನೆಲದ ಮೇಲೆ ಆಗಲೇ ನಿರ್ಧಾರವಾಗಿಹೋಗಿದ್ದ ಫಲಿತಾಂಶ, ಇವೆಲ್ಲ ಸೇರಿ ಆ ಬೃಹತ್ ನೌಕೆಯನ್ನು ಬರಿಯ ಬೆದರುಬೊಂಬೆಯಾಗಿಸಿದ್ದವು. ಆ ಹಡಗು ಎಲ್ಲಿಂದ ಹೊರಟು ಬಂದಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಅದು ಬಂದದ್ದು ವಿಯೆಟ್ನಾಮಿನ ಕಡಲಿನಿಂದ. ನಮ್ಮನ್ನು ಹೆದರಿಸಲು ಬಂದ ಮಹಾಶಕ್ತಿ ಆ ಹೊತ್ತಿನಲ್ಲಿ ನಮಗಿಂತ ಎಷ್ಟೋ ಚಿಕ್ಕದಾದ, ಬಡದಾದ ರಾಷ್ಟ್ರವೊಂದರ ಎದುರು ಹೇಗೆ ಹೊರಬರುವುದೆಂದು ತಿಳಿಯದೆ ತಡಕಾಡುತ್ತಿತ್ತು.

ಆನೆ ನಡೆದದ್ದೇ ದಾರಿ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಬಲಾಢ್ಯ ರಾಷ್ಟ್ರಗಳ ಬಗ್ಗೆ ನಮ್ಮ ಸಾಮಾನ್ಯ ತಿಳಿವಳಿಕೆಯೂ ಅದೇ. ವಿಮಾನಗಳೆಷ್ಟು, ಟ್ಯಾಂಕುಗಳೆಷ್ಟು, ರಕ್ಷಣಾ ವೆಚ್ಚವೆಷ್ಟು ಎಂದು ಲೆಕ್ಕಹಾಕಿ ಯುದ್ಧದ ಫಲವನ್ನು ಮೊದಲೇ ಹೇಳಿಬಿಡುವ ಪಂಡಿತರು ಎಲ್ಲ ಕಾಲದಲ್ಲೂ ಇದ್ದಾರೆ. ಕಳೆದ ಏಳು ದಶಕಗಳ ಇತಿಹಾಸ ಮಾತ್ರ ಈ ಲೆಕ್ಕವನ್ನು ಮತ್ತೆ ಮತ್ತೆ ತಪ್ಪಾಗಿಸಿದೆ. ಹಾಗೇಕೆ ಎಂಬ ಪ್ರಶ್ನೆಗೆ ವಿಯೆಟ್ನಾಮಿನಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ಉದಾಹರಣೆ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಕಥೆ ಅಮೆರಿಕದಿಂದ ಆರಂಭವಾಗುವುದಿಲ್ಲ. ಮೊದಲು ಅಲ್ಲಿದ್ದವರು ಫ್ರೆಂಚರು. 1953ರ ಕೊನೆಯಲ್ಲಿ ಅವರು ವಾಯವ್ಯ ವಿಯೆಟ್ನಾಮಿನ ಡಿಯನ್ ಬಿಯನ್ ಫು ಎಂಬ ಕಣಿವೆಯಲ್ಲಿ ಕೋಟೆಯಂಥ ನೆಲೆಯೊಂದನ್ನು ಕಟ್ಟಿ, ವಿಯೆಟ್‌ಮಿನ್ ಪಡೆಗಳನ್ನು ಅಲ್ಲಿಗೆ ಸೆಳೆದು ಬಡಿಯುವ ಹಂಚಿಕೆ ಹಾಕಿದರು. ಸುತ್ತಲ ಕಡಿದಾದ ಕಾಡುಗುಡ್ಡಗಳ ಮೇಲಕ್ಕೆ ಯಾರೂ ಫಿರಂಗಿ ಏರಿಸಲಾರರೆಂಬುದು ಅವರ ನಂಬಿಕೆ. ಒಂದು ಕಾಲಕ್ಕೆ ಇತಿಹಾಸದ ಮೇಷ್ಟರಾಗಿದ್ದ ಜನರಲ್ ಜಿಯಾಪ್ ಆ ಫಿರಂಗಿಗಳನ್ನು ಸೈನಿಕರ ಕೈಯಿಂದಲೇ ಹಗ್ಗ ಕಟ್ಟಿ ಎಳೆಸಿದರು. ಅಕ್ಕಿಯೂ ಮದ್ದುಗುಂಡುಗಳೂ ಬಂದದ್ದು ಬಹುಪಾಲು ಹಳ್ಳಿಗರ ಹೆಗಲ ಮೇಲೆ ಮತ್ತು ಸೈಕಲ್ಲುಗಳ ಮೇಲೆ. ಒಂದೊಂದು ಸೈಕಲ್ಲಿಗೂ ಬಿದಿರಿನ ಆಸರೆ ಕಟ್ಟಿ ಇನ್ನೂರು ಕಿಲೋಗೂ ಹೆಚ್ಚು ಭಾರ ಹೇರಿ ತಳ್ಳಿಕೊಂಡು ನಡೆದರು. 1954ರ ಮಾರ್ಚ್ 13ರಂದು ಗುಡ್ಡಗಳಿಂದ ಗುಂಡಿನ ಮಳೆ ಸುರಿಯಿತು. ಶತ್ರುವಿನ ಫಿರಂಗಿಗಳನ್ನು ಅಡಗಿಸುವ ಹೊಣೆ ಹೊತ್ತಿದ್ದ ಫ್ರೆಂಚ್ ಅಧಿಕಾರಿ ಕರ್ನಲ್ ಪಿರೋ ಎರಡೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮೇ 7ರಂದು ನೆಲೆ ಬಿದ್ದಿತು. ಆ ಬಳಿಕ ಜಿನೀವಾದಲ್ಲಿ ಆದ ಒಪ್ಪಂದ ವಿಯೆಟ್ನಾಮನ್ನು ತಾತ್ಕಾಲಿಕವಾಗಿ ಎರಡಾಗಿಸಿತು. ಒಪ್ಪಂದದ ಮೇಲ್ವಿಚಾರಣೆಗೆ ನೇಮಕವಾದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷತೆ ಭಾರತದ ಪಾಲಿಗೆ ಬಂದಿತ್ತು.

ಫ್ರೆಂಚರು ಕೈಸುಟ್ಟುಕೊಂಡದ್ದನ್ನು ಕಂಡೂ ಅಮೆರಿಕ ಅದೇ ಒಲೆಗೆ ಕೈಯಿಟ್ಟಿತು. ಫ್ರಾನ್ಸ್ ಬಳಲಿದ ಸಾಮ್ರಾಜ್ಯ, ತಾನು ಹಾಗಲ್ಲ ಎಂಬ ಭರವಸೆ ಅದಕ್ಕಿತ್ತು. 1965ರ ಮಾರ್ಚ್ 8ರಂದು ದಾ ನಾಂಗ್ ಕಡಲತೀರದಲ್ಲಿ ಮೆರೀನ್ ಸೈನಿಕರು ಇಳಿದರು. 1969ರ ಏಪ್ರಿಲ್ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 5.43 ಲಕ್ಷ ಮುಟ್ಟಿತ್ತು. ಯುದ್ಧ ಮುಗಿಯುವಷ್ಟರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳ ಮೇಲೆ ಅಮೆರಿಕ ಸುರಿದ ಬಾಂಬುಗಳ ತೂಕ 70 ಲಕ್ಷ ಟನ್ನಿಗೂ ಹೆಚ್ಚು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳೆಲ್ಲ ಸೇರಿ ಯೂರೋಪು, ಏಷ್ಯಾಗಳ ಮೇಲೆ ಹಾಕಿದ್ದರ ಎರಡು ಪಟ್ಟಿಗೂ ಅದು ಮಿಗಿಲು.

ಈ ಯುದ್ಧವನ್ನು ಆರಂಭದ ವರ್ಷಗಳಲ್ಲಿ ನಡೆಸಿದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಅಂಕಿಸಂಖ್ಯೆಗಳ ಮನುಷ್ಯ. ಫೋರ್ಡ್ ಮೋಟಾರು ಕಂಪನಿಯ ಅಧ್ಯಕ್ಷ ಸ್ಥಾನದಿಂದ ನೇರವಾಗಿ ಸರ್ಕಾರಕ್ಕೆ ಬಂದವರು. ಮುಂಚೂಣಿ ಎಂಬುದೇ ಇಲ್ಲದ, ಇಂಥ ಊರನ್ನು ಗೆದ್ದೆವೆಂದು ನಕ್ಷೆಯಲ್ಲಿ ಗುರುತಿಸಲಾಗದ ಯುದ್ಧದಲ್ಲಿ ಪ್ರಗತಿಯನ್ನು ಅಳೆಯುವುದು ಹೇಗೆ? ಸತ್ತ ಶತ್ರುಗಳ ಹೆಣ ಎಣಿಸುವ ಪದ್ಧತಿ ಬಂತು. ಶತ್ರು ಭರ್ತಿಮಾಡಿಕೊಳ್ಳುವುದಕ್ಕಿಂತ ಹೆಚ್ಚು ಮಂದಿಯನ್ನು ಪ್ರತಿ ತಿಂಗಳೂ ಕೊಂದರೆ ಒಂದು ದಿನ ಅವನು ಸೋಲಲೇಬೇಕು ಎಂಬ ಸರಳ ಗಣಿತ ಅದು. ಲೆಕ್ಕ ಕೇಳುವವರು ಮೇಲಿದ್ದಾಗ ಲೆಕ್ಕ ಒದಗಿಸುವವರು ಕೆಳಗೆ ಹುಟ್ಟಿಕೊಳ್ಳುತ್ತಾರೆ. ಹೊಲದಲ್ಲಿ ಸತ್ತ ರೈತನೂ ಎಷ್ಟೋ ಬಾರಿ ಶತ್ರುವಿನ ಲೆಕ್ಕಕ್ಕೇ ಸೇರಿದ. ಸೈಗಾನಿನಿಂದ ವಾಷಿಂಗ್ಟನ್ನಿಗೆ ಹೋಗುತ್ತಿದ್ದ ವರದಿಗಳಲ್ಲಿ ಅಮೆರಿಕ ಸದಾ ಗೆಲ್ಲುತ್ತಲೇ ಇತ್ತು.

ಈ ಗಣಿತಕ್ಕೆ ಸಿಗದ ಸಂಗತಿಯೊಂದಿತ್ತು. ಅಮೆರಿಕದ ಸೈನಿಕನ ಸರದಿ ಸಾಮಾನ್ಯವಾಗಿ ಹನ್ನೆರಡು ತಿಂಗಳದು. ಅವನು ಬಂದ ದಿನದಿಂದಲೇ ಹಿಂದಿರುಗುವ ದಿನವನ್ನು ಎಣಿಸುತ್ತಿದ್ದ. ಎದುರಿಗಿದ್ದವನಿಗೆ ಸರದಿ ಎಂಬುದೇ ಇರಲಿಲ್ಲ, ಹಿಂದಿರುಗಲು ಬೇರೆ ಊರೂ ಇರಲಿಲ್ಲ. ತಮ್ಮವರು ಹತ್ತು ಮಂದಿ ಸತ್ತು ಎದುರಾಳಿಯ ಒಬ್ಬನೇ ಸತ್ತರೂ ಕೊನೆಗೆ ದಣಿಯುವವನು ಎದುರಾಳಿಯೇ ಎಂದು ಹೊ ಚಿ ಮಿನ್ ಫ್ರೆಂಚರಿಗೆ 1946ರಲ್ಲೇ ಎಚ್ಚರಿಸಿದ್ದರೆಂದು ದಾಖಲಾಗಿದೆ. ಕೇಳಲು ಕ್ರೂರವಾದ ಮಾತು. ತನ್ನ ಜನರ ಪ್ರಾಣವನ್ನು ಹೀಗೆ ಲೆಕ್ಕಕ್ಕಿಡುವ ನಾಯಕತ್ವವನ್ನು ಮೆಚ್ಚಲು ನನಗೆ ಮನಸ್ಸಾಗುವುದಿಲ್ಲ. ಆದರೆ ಯುದ್ಧದ ನಿಜವಾದ ತಕ್ಕಡಿ ಯಾವುದೆಂಬುದು ಆ ಮಾತಿನಲ್ಲಿದೆ. ಒಬ್ಬನಿಗೆ ಅದು ಹಲವು ಹಿತಾಸಕ್ತಿಗಳಲ್ಲಿ ಒಂದು, ಇನ್ನೊಬ್ಬನಿಗೆ ಅಳಿವು ಉಳಿವಿನ ಪ್ರಶ್ನೆ. ಆಂಡ್ರ್ಯೂ ಮ್ಯಾಕ್ ಎಂಬ ವಿದ್ವಾಂಸರು 1975ರಲ್ಲಿ ಬರೆದ ಪ್ರಬಂಧವೊಂದರಲ್ಲಿ ದೊಡ್ಡ ರಾಷ್ಟ್ರಗಳು ಚಿಕ್ಕ ಯುದ್ಧಗಳಲ್ಲಿ ಸೋಲುವುದಕ್ಕೆ ಈ ಅಸಮತೆಯನ್ನೇ ಕಾರಣವಾಗಿ ತೋರಿಸಿದ್ದರು. ಇಬ್ಬರಿಗೂ ಪಣ ಒಂದೇ ಅಲ್ಲದಿದ್ದಾಗ ಹೆಚ್ಚು ಬಲವುಳ್ಳವನ ಸಂಕಲ್ಪವೇ ಮೊದಲು ಸಡಿಲುವುದು ಸಹಜ.

ಬಾಂಬುಗಳ ಕಥೆಯೂ ಹೀಗೆಯೇ. ಉತ್ತರ ವಿಯೆಟ್ನಾಮಿನಲ್ಲಿ ಕೆಡವಲು ದೊಡ್ಡ ಕಾರ್ಖಾನೆಗಳಿದ್ದದ್ದೇ ಕೆಲವು. ಅದು ಗದ್ದೆಗಳ ದೇಶ. ಅದರ ಶಸ್ತ್ರಾಸ್ತ್ರ ತಯಾರಾಗುತ್ತಿದ್ದದ್ದು ಬಾಂಬು ಹಾಕಲಾಗದ ಸೋವಿಯತ್ ಒಕ್ಕೂಟ ಮತ್ತು ಚೀನಾಗಳಲ್ಲಿ. ಥಾನ್ ಹೋವಾ ಬಳಿಯ ಸೇತುವೆಯೊಂದನ್ನು ಉರುಳಿಸಲು ಅಮೆರಿಕದ ವಿಮಾನಗಳು 1965ರಿಂದ ನೂರಾರು ಬಾರಿ ಹಾರಿದವು. ಅದು ನಿಜವಾಗಿ ಬಿದ್ದದ್ದು 1972ರಲ್ಲಿ, ಲೇಸರ್ ನಿರ್ದೇಶಿತ ಬಾಂಬುಗಳು ಬಂದ ಮೇಲೆ. ಕೆಟ್ಟ ದಾರಿಗಳನ್ನು ಹಳ್ಳಿಯ ಹೆಂಗಸರು, ಹುಡುಗರು ರಾತ್ರೋರಾತ್ರಿ ದುರಸ್ತಿ ಮಾಡುತ್ತಿದ್ದರು. ಲಾವೋಸಿನ ಕಾಡಿನೊಳಗಿನ ಹೊ ಚಿ ಮಿನ್ ಹಾದಿ ಒಂದು ರಸ್ತೆಯಾಗಿರಲಿಲ್ಲ, ಕಾಲುದಾರಿಗಳು, ಬಂಡಿದಾರಿಗಳು ಹೆಣೆದುಕೊಂಡ ಬಲೆಯಾಗಿತ್ತು. ಒಂದೆಳೆ ಕಡಿದರೆ ಇನ್ನೊಂದೆಳೆಯಲ್ಲಿ ಸಾಗಾಟ ನಡೆಯುತ್ತಿತ್ತು.

1967ರ ನವೆಂಬರಿನಲ್ಲಿ ಸೇನಾಪತಿ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂಬರ್ಥದ ಭರವಸೆ ಕೊಟ್ಟರು. ಎರಡೂವರೆ ತಿಂಗಳೂ ಕಳೆದಿರಲಿಲ್ಲ. 1968ರ ಜನವರಿ ಕೊನೆಯಲ್ಲಿ ವಿಯೆಟ್ನಾಮಿನ ಹೊಸ ವರ್ಷವಾದ ‘ಟೆಟ್’ ಹಬ್ಬದ ರಾತ್ರಿ ನೂರಕ್ಕೂ ಹೆಚ್ಚು ಊರುಗಳ ಮೇಲೆ ಏಕಕಾಲಕ್ಕೆ ದಾಳಿಯಾಯಿತು. ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಆವರಣದೊಳಕ್ಕೇ ಸುಮಾರು ಇಪ್ಪತ್ತು ಮಂದಿ ನುಗ್ಗಿದರು. ಸೈನಿಕ ದೃಷ್ಟಿಯಿಂದ ನೋಡಿದರೆ ಟೆಟ್ ದಾಳಿ ವಿಫಲ. ದಾಳಿಕಾರರು ಯಾವ ನಗರವನ್ನೂ ಉಳಿಸಿಕೊಳ್ಳಲಾಗಲಿಲ್ಲ, ಅವರು ನಿರೀಕ್ಷಿಸಿದ್ದ ಜನದಂಗೆ ಏಳಲಿಲ್ಲ, ದಕ್ಷಿಣದ ಗೆರಿಲ್ಲಾ ಪಡೆಗಳು ಜರ್ಜರಿತವಾದವು. ಆದರೆ ಅಮೆರಿಕದ ಮನೆಮನೆಯ ಟೆಲಿವಿಷನ್ನಿನಲ್ಲಿ ತಮ್ಮದೇ ರಾಯಭಾರ ಕಚೇರಿಯ ಅಂಗಳದಲ್ಲಿ ಬಿದ್ದ ಹೆಣಗಳನ್ನು ಕಂಡವರಿಗೆ ಮೂರು ವರ್ಷಗಳ ಭರವಸೆಯೆಲ್ಲ ಪೊಳ್ಳೆನಿಸಿತು. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು. ಮೆಕ್‌ನಮಾರಾ ಅದಕ್ಕೂ ಒಂದು ತಿಂಗಳು ಮೊದಲೇ ಹುದ್ದೆ ಬಿಟ್ಟು ನಡೆದಿದ್ದರು. ಇಡೀ ಯುದ್ಧವೇ ತಪ್ಪಾಗಿತ್ತೆಂದು ಅವರು ಬಹಿರಂಗವಾಗಿ ಒಪ್ಪಿಕೊಳ್ಳಲು 1995ರವರೆಗೆ ಕಾಯಬೇಕಾಯಿತು.

ಹ್ಯಾರಿ ಸಮ್ಮರ್ಸ್ ಎಂಬ ಅಮೆರಿಕನ್ ಕರ್ನಲ್ 1975ರ ಏಪ್ರಿಲ್‌ನಲ್ಲಿ, ಸೈಗಾನ್ ಬೀಳುವುದಕ್ಕೆ ಕೆಲವೇ ದಿನ ಮೊದಲು, ಹನೋಯ್‌ಗೆ ಹೋಗಿದ್ದರು. ರಣರಂಗದಲ್ಲಿ ನೀವು ನಮ್ಮನ್ನು ಒಮ್ಮೆಯೂ ಸೋಲಿಸಲಿಲ್ಲ ಎಂದು ಅವರು ಅಲ್ಲಿನ ಅಧಿಕಾರಿಯೊಬ್ಬರಿಗೆ ಹೇಳಿದರಂತೆ. ಇರಬಹುದು, ಆದರೆ ಆ ಮಾತಿಗೆ ಈಗ ಅರ್ಥವಿಲ್ಲ ಎಂಬರ್ಥದ ಉತ್ತರ ಬಂತಂತೆ. ಸಮ್ಮರ್ಸ್ ಅವರೇ ಮುಂದೆ ಇದನ್ನು ದಾಖಲಿಸಿದ್ದಾರೆ. ಕದನಗಳನ್ನೆಲ್ಲ ಗೆದ್ದು ಯುದ್ಧವನ್ನು ಸೋಲುವುದು ಹೇಗೆ ಸಾಧ್ಯ ಎಂದು ಆಶ್ಚರ್ಯಪಡುವವರು ಈ ಸಂಭಾಷಣೆಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಬೇಕು.

ರಾಜಕಾರಣಿಗಳು ಸೈನಿಕರ ಕೈ ಕಟ್ಟಿಹಾಕದಿದ್ದರೆ ಅಮೆರಿಕ ಗೆಲ್ಲುತ್ತಿತ್ತು ಎಂದು ವಾದಿಸುವವರಿದ್ದಾರೆ. ಉತ್ತರ ವಿಯೆಟ್ನಾಮಿಗೇ ಸೇನೆ ನುಗ್ಗಿಸಬಹುದಿತ್ತು, ಇನ್ನೂ ಘೋರವಾದ ಅಸ್ತ್ರಗಳನ್ನು ಬಳಸಬಹುದಿತ್ತು ಎಂಬುದು ಅವರ ಅಂಬೋಣ. ಹಾಗೆ ಮಾಡಲಿಲ್ಲವೇಕೆ? 1950ರಲ್ಲಿ ಕೊರಿಯದಲ್ಲಿ ಅಮೆರಿಕನ್ ಪಡೆಗಳು ಯಾಲು ನದಿಯತ್ತ ಹೋದಾಗ ಚೀನಾದ ಲಕ್ಷಾಂತರ ಸೈನಿಕರು ಇಳಿದು ಬಂದದ್ದು ಯಾರಿಗೂ ಮರೆತಿರಲಿಲ್ಲ. ಅಣ್ವಸ್ತ್ರ ಬಳಸಿದರೆ ಏನಾಗಬಹುದೆಂಬ ಭಯವೂ ಇತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಲಾಗದು, ಬಿಟ್ಟರೆ ಅದು ಎಲ್ಲಿಗೆ ಹೋಗಿ ನಾಟುವುದೋ ತಿಳಿಯದು. ಮಹಾಶಕ್ತಿಯ ಬತ್ತಳಿಕೆಯಲ್ಲಿರುವ ಅತ್ಯಂತ ದೊಡ್ಡ ಬಾಣಗಳು ಇನ್ನೊಂದು ಮಹಾಶಕ್ತಿಗಾಗಿ ಮೀಸಲು. ಚಿಕ್ಕವರ ವಿರುದ್ಧ ಅವು ಕೆಲಸಕ್ಕೆ ಬಾರವು. ಅಂದಮೇಲೆ ಕೈ ಕಟ್ಟಿದ ಹಗ್ಗ ಯುದ್ಧದ ಹೊರಗಿನದಲ್ಲ, ಅದು ಆ ಯುದ್ಧದ ಸ್ವರೂಪದಲ್ಲೇ ಇತ್ತು.

ಸೋಲಿನ ಇನ್ನೊಂದು ಮೂಲ ಸೈಗಾನಿನಲ್ಲೇ ಇತ್ತು. ಅಮೆರಿಕ ಬೆಂಬಲಿಸಿದ ಅಧ್ಯಕ್ಷ ಎನ್‌ಗೊ ದಿನ್ ಜಿಯೆಮ್ 1963ರ ನವೆಂಬರಿನಲ್ಲಿ ತನ್ನದೇ ಸೇನಾಧಿಕಾರಿಗಳ ಕೈಯಲ್ಲಿ ಹತರಾದರು. ಆಮೇಲೆ ಒಂದರ ಹಿಂದೊಂದು ಸರ್ಕಾರಗಳು ಬಂದುಹೋದವು. ಹೊರಗಿನವರ ಹಣದಿಂದ, ಹೊರಗಿನವರ ಬಂದೂಕಿನ ನೆರಳಿನಲ್ಲಿ ನಿಂತ ಸರ್ಕಾರವನ್ನು ಹಳ್ಳಿಯವರು ತಮ್ಮದೆಂದು ಒಪ್ಪುವುದು ಕಷ್ಟ. ಸೇನೆ ಒಂದು ಊರನ್ನು ಹಿಡಿಯಬಲ್ಲದು, ಕಾವಲು ಕೂರಬಲ್ಲದು, ಸುಡಲೂಬಲ್ಲದು. ಅಲ್ಲಿಯ ಜನರ ಒಪ್ಪಿಗೆಯನ್ನು ತಯಾರಿಸಿಕೊಡುವ ಕಾರ್ಖಾನೆ ಮಾತ್ರ ಯಾವ ಸೇನೆಯ ಬಳಿಯೂ ಇಲ್ಲ.

ಇದು ಅಮೆರಿಕದ ದೌರ್ಬಲ್ಯವೆಂದು ಬೇರೆಯವರು ಬೀಗುವಂತಿಲ್ಲ. ಅದೇ ವಿಯೆಟ್ನಾಮಿಗೆ ಪಾಠ ಕಲಿಸುತ್ತೇವೆಂದು 1979ರ ಫೆಬ್ರುವರಿ 17ರಂದು ಚೀನಾ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಗಡಿ ದಾಟಿಸಿತು. ನಮ್ಮ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಆಗ ಚೀನಾ ಪ್ರವಾಸದಲ್ಲೇ ಇದ್ದರು. ಸುದ್ದಿ ತಿಳಿದೊಡನೆ ಪ್ರವಾಸ ಮೊಟಕುಗೊಳಿಸಿ ಮರಳಿದರು. ಚೀನೀ ಪಡೆಗಳು ಗಡಿಯ ಪಟ್ಟಣಗಳನ್ನು ಹಿಡಿದು, ಹಾಳುಗೆಡವಿ, ತಿಂಗಳೊಳಗೆ ಹಿಂದಿರುಗಿದವು. ಅವರ ಮುಖ್ಯ ಬೇಡಿಕೆಯಾಗಿದ್ದ ಕಾಂಬೋಡಿಯದಿಂದ ವಿಯೆಟ್ನಾಂ ಸೇನೆಯ ವಾಪಸಾತಿ ನಡೆದದ್ದು ಹತ್ತು ವರ್ಷಗಳ ಬಳಿಕ, 1989ರಲ್ಲಿ.

ಅದೇ 1979ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಅಫ್ಘಾನಿಸ್ತಾನಕ್ಕೆ ಕಾಲಿಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು, ಹೆಲಿಕಾಪ್ಟರುಗಳು, ಟ್ಯಾಂಕುಗಳು ಇದ್ದೂ ನಗರಗಳು ಮತ್ತು ಹೆದ್ದಾರಿಗಳಾಚೆ ಅದರ ಅಧಿಕಾರ ಬೇರೂರಲಿಲ್ಲ. ಎದುರಾಳಿಗಳಿಗೆ ಪಾಕಿಸ್ತಾನದ ನೆಲ ಆಶ್ರಯವಾಯಿತು, ಅಮೆರಿಕ ಮತ್ತು ಸೌದಿ ಅರೇಬಿಯದ ಹಣ, ಅಸ್ತ್ರಗಳು ಆಸರೆಯಾದವು. ಈ ಯುದ್ಧ ರಕ್ತ ಒಸರುವ ಗಾಯವೆಂದು ಗೋರ್ಬಚೆವ್ 1986ರಲ್ಲಿ ಒಪ್ಪಿಕೊಂಡರು. 1989ರ ಫೆಬ್ರುವರಿ 15ರಂದು ಜನರಲ್ ಗ್ರೊಮೊವ್ ಅಮು ದರಿಯಾ ನದಿಯ ಸೇತುವೆಯನ್ನು ನಡೆದು ದಾಟಿದರು. ಸುಮಾರು 15 ಸಾವಿರ ಸೋವಿಯತ್ ಸೈನಿಕರು ಹಿಂದಿರುಗಲಿಲ್ಲ. ಅಲ್ಲಿ ಸತ್ತ ಅಫ್ಘನ್ನರ ಸಂಖ್ಯೆ ಲಕ್ಷಗಳಲ್ಲಿದೆ.

ಇದನ್ನು ಹತ್ತಿರದಿಂದ ಕಂಡ, ಅದಕ್ಕೆ ತುಪ್ಪ ಸುರಿದ ಅಮೆರಿಕವೇ 2001ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದ ಮೇಲೆ ಯುದ್ಧ ಆರಂಭಿಸಿತು. ಎರಡೇ ತಿಂಗಳಲ್ಲಿ ತಾಲಿಬಾನ್ ಆಡಳಿತ ಕುಸಿಯಿತು. ಅಲ್ಲಿಗೆ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಹೊಸ ರಾಜ್ಯವನ್ನೂ ಹೊಸ ಸೇನೆಯನ್ನೂ ಕಟ್ಟುವ ಕೆಲಸ ಶುರುವಾಯಿತು. ಅಫ್ಘನ್ ಭದ್ರತಾ ಪಡೆಗಳಿಗೆಂದೇ ಅಮೆರಿಕ 8 ಸಾವಿರ ಕೋಟಿ ಡಾಲರಿಗೂ ಹೆಚ್ಚು ವೆಚ್ಚಮಾಡಿತು. ಕಾಗದದ ಮೇಲೆ ಸುಮಾರು ಮೂರು ಲಕ್ಷ ಸಿಬ್ಬಂದಿ. ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿದ್ದ ‘ಭೂತ ಸೈನಿಕರ’ ಬಗ್ಗೆ ಅಮೆರಿಕ ಸರ್ಕಾರವೇ ನೇಮಿಸಿದ್ದ ಪರಿಶೋಧಕರು ವರ್ಷಗಟ್ಟಲೆ ಎಚ್ಚರಿಸಿದ್ದರು. ಮೆಕ್‌ನಮಾರಾ ಕಾಲದ ಹೆಣಗಳ ಎಣಿಕೆ ಇಲ್ಲಿ ಹಾಜರಿ ಪುಸ್ತಕದ ಎಣಿಕೆಯಾಗಿತ್ತು, ಅಷ್ಟೇ. 2021ರ ಆಗಸ್ಟ್ 15ರಂದು ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟರು, ತಾಲಿಬಾನಿಗಳು ಕಾಬೂಲನ್ನು ಹೆಚ್ಚುಕಡಿಮೆ ಪ್ರತಿರೋಧವಿಲ್ಲದೆ ಹೊಕ್ಕರು. ಇಪ್ಪತ್ತು ವರ್ಷಗಳ ಹಿಂದೆ ಯಾರನ್ನು ಓಡಿಸಲಾಗಿತ್ತೋ ಅವರೇ ಮತ್ತೆ ಗದ್ದುಗೆಯಲ್ಲಿದ್ದರು. ಅಮೆರಿಕ ಕಳೆದುಕೊಂಡ ಸೈನಿಕರು 2,400ಕ್ಕೂ ಹೆಚ್ಚು. ಶಾಲೆಗೆ ಹೋಗುವ ಕನಸು ಕಂಡಿದ್ದ ಅಫ್ಘನ್ ಹುಡುಗಿಯರು ಕಳೆದುಕೊಂಡದ್ದು ಯಾವ ಲೆಕ್ಕಪತ್ರದಲ್ಲೂ ಇಲ್ಲ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿದಾಗ ರಾಜಧಾನಿ ಕೀವ್ ಕೆಲವೇ ದಿನಗಳಲ್ಲಿ ಬೀಳುವುದೆಂದು ಅನೇಕ ಪರಿಣತರು ಹೇಳಿದ್ದರು. 60 ಕಿಲೋಮೀಟರಿಗೂ ಉದ್ದದ ಸೇನಾವಾಹನಗಳ ಸಾಲು ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯನ್ ಪಡೆಗಳು ಕೀವ್ ಸುತ್ತಣ ಪ್ರದೇಶವನ್ನು ತೆರವು ಮಾಡಿದವು. ಹೇಳಿಕೊಳ್ಳುವಂಥ ಯುದ್ಧನೌಕೆಗಳೇ ಇಲ್ಲದ ಉಕ್ರೇನ್ ಏಪ್ರಿಲ್‌ನಲ್ಲಿ ರಷ್ಯಾದ ಕಪ್ಪು ಸಮುದ್ರ ಪಡೆಯ ಮುಖ್ಯ ನೌಕೆ ‘ಮಾಸ್ಕ್ವಾ’ವನ್ನು ದಡದಿಂದ ಹಾರಿಸಿದ ಕ್ಷಿಪಣಿಗಳಿಂದ ಮುಳುಗಿಸಿತು. ಆ ಯುದ್ಧದ ಅಂತಿಮ ಫಲ ಏನೇ ಇರಲಿ, ಮೊದಲ ವಾರದ ಲೆಕ್ಕವಂತೂ ಬುಡಮೇಲಾಯಿತು.

ಹಾಗಾದರೆ ಸೇನಾಬಲಕ್ಕೆ ಬೆಲೆಯೇ ಇಲ್ಲವೇ? ಹಾಗೆ ಹೇಳುವುದು ಇನ್ನೊಂದು ತುದಿಯ ತಪ್ಪು. 1991ರಲ್ಲಿ ಕುವೈತನ್ನು ಬಿಡಿಸಿಕೊಳ್ಳಲು ನಡೆದ ಭೂಸೇನಾ ಕಾರ್ಯಾಚರಣೆ ಕೇವಲ ನೂರು ಗಂಟೆಗಳಲ್ಲಿ ಮುಗಿಯಿತು. ಗುರಿ ಸ್ಪಷ್ಟವಾಗಿತ್ತು: ಬಂದವರನ್ನು ಹೊರದಬ್ಬುವುದು. ಅದು ಸೇನೆಗೆ ಮುಗಿಸಲು ಬರುವ ಕೆಲಸ. ಕುವೈತಿನ ಜನರೂ ಅದನ್ನೇ ಬಯಸಿದ್ದರು. ನಮ್ಮ 1971ರ ಗೆಲುವಿನ ಗುಟ್ಟೂ ಬೇರೆಯಲ್ಲ. ಪೂರ್ವ ಬಂಗಾಳದ ಜನ ತಮ್ಮ ಬಿಡುಗಡೆಗಾಗಿ ತಾವೇ ಹೋರಾಡುತ್ತಿದ್ದರು, ಮುಕ್ತಿವಾಹಿನಿ ನಮ್ಮ ಸೇನೆಗೆ ಕಣ್ಣು ಕಿವಿಯಾಗಿತ್ತು, ಗೆದ್ದ ಬಳಿಕ ಕೆಲವೇ ತಿಂಗಳಲ್ಲಿ ನಮ್ಮ ಸೈನಿಕರು ಹಿಂದಿರುಗಿದರು. 2003ರಲ್ಲಿ ಅದೇ ಅಮೆರಿಕದ ಸೇನೆ ಮೂರು ವಾರಗಳಲ್ಲಿ ಬಾಗ್ದಾದನ್ನು ಹಿಡಿಯಿತು. ಆದರೆ ಇರಾಕನ್ನು ತನಗೆ ಬೇಕಾದಂತೆ ಮರುರೂಪಿಸುವ ಕೆಲಸದಲ್ಲಿ ಎಂಟೂ ಮುಕ್ಕಾಲು ವರ್ಷ, 4,400ಕ್ಕೂ ಹೆಚ್ಚು ಸೈನಿಕರ ಜೀವ ಮತ್ತು ಲಕ್ಷಾಂತರ ಇರಾಕಿಗಳ ಬದುಕು ಹೋಯಿತು. ಮಿತಿ ಇರುವುದು ಶಸ್ತ್ರದ ಮೊನೆಯಲ್ಲಲ್ಲ, ಶಸ್ತ್ರಕ್ಕೆ ನಾವು ಒಪ್ಪಿಸುವ ಕೆಲಸದಲ್ಲಿ.

ಚಿಕ್ಕವರ ಗೆಲುವನ್ನು ಪುರಾಣ ಮಾಡುವುದೂ ಸಲ್ಲದು. ವಿಯೆಟ್ನಾಂ ಸರ್ಕಾರವೇ 1995ರಲ್ಲಿ ಕೊಟ್ಟ ಅಂದಾಜಿನಂತೆ ಅದರ ಹೋರಾಟಗಾರರಲ್ಲಿ 11 ಲಕ್ಷ, ಎರಡೂ ಭಾಗಗಳ ನಾಗರಿಕರಲ್ಲಿ 20 ಲಕ್ಷದವರೆಗೆ ಸತ್ತರು. ಅಮೆರಿಕದ ಸಾವು 58 ಸಾವಿರ. ಕಾಡು, ಬೆಳೆಗಳನ್ನು ಸುಡಲು ಸಿಂಪಡಿಸಿದ ವಿಷ 7 ಕೋಟಿ ಲೀಟರಿಗೂ ಹೆಚ್ಚು. ಅದರ ಪರಿಣಾಮವನ್ನು ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳೂ ಅನುಭವಿಸಬೇಕಾಯಿತು. ಸಿಡಿಯದೆ ಉಳಿದ ಬಾಂಬುಗಳು ಶಾಂತಿಯ ದಿನಗಳಲ್ಲೂ ಸಾವಿರಾರು ರೈತರನ್ನು, ಮಕ್ಕಳನ್ನು ಕೊಂದವು. ಗೆದ್ದ ಸರ್ಕಾರ ಸೋತವರನ್ನು ಶಿಬಿರಗಳಿಗೆ ತಳ್ಳಿತು, ಲಕ್ಷಾಂತರ ಮಂದಿ ದೋಣಿ ಹತ್ತಿ ದೇಶ ಬಿಟ್ಟರು. ಮಹಾಶಕ್ತಿ ಗೆಲ್ಲಲಾರದು ಎಂಬುದಕ್ಕೆ ಅದು ನಾಶಮಾಡಲಾರದು ಎಂಬ ಅರ್ಥವಿಲ್ಲ. ಗೆಲ್ಲಲಾಗದ ಯುದ್ಧವನ್ನು ಅದು ಬಹುಕಾಲ ನಡೆಸಬಲ್ಲದೆಂಬುದೇ ನಿಜವಾದ ದುರಂತ.

ಇಷ್ಟೆಲ್ಲ ಹೇಳಿ ನಮ್ಮ ಬೆನ್ನು ನಾವು ನೋಡಿಕೊಳ್ಳದಿದ್ದರೆ ಅಪ್ರಾಮಾಣಿಕತೆಯಾದೀತು. ಜಗತ್ತಿನ ಮಟ್ಟದಲ್ಲಿ ನಾವು ಮಹಾಶಕ್ತಿಯಲ್ಲದಿರಬಹುದು, ನೆರೆಹೊರೆಯ ಪಾಲಿಗೆ ನಾವೇ ದೊಡ್ಡಣ್ಣ. 1987ರ ಜುಲೈ 29ರ ಒಪ್ಪಂದದಂತೆ ಭಾರತೀಯ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ಎಲ್‌ಟಿಟಿಇ ವಿರುದ್ಧವೇ ಯುದ್ಧಕ್ಕಿಳಿಯಬೇಕಾಯಿತು. ಜಾಫ್ನಾ ನಗರ ಕೈಗೆ ಬಂತು, ಎದುರಾಳಿ ವನ್ನಿಯ ಕಾಡಿಗೆ ಜಾರಿದ. ತಮಿಳರ ರಕ್ಷಣೆಗೆಂದು ಹೋದ ಸೇನೆಯನ್ನು ತಮಿಳರೂ ಸಿಂಹಳೀಯರೂ ಪರಕೀಯರೆಂದೇ ಕಂಡರು. ಕೊನೆಗೆ ಕೊಲಂಬೊ ಸರ್ಕಾರವೇ ಹೊರಡಿ ಎಂದಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತುವಷ್ಟರಲ್ಲಿ ನಾವು ಸುಮಾರು 1,200 ಯೋಧರನ್ನು ಕಳೆದುಕೊಂಡಿದ್ದೆವು. ಮರುವರ್ಷ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಂಚಿನ ಸೂತ್ರಧಾರ ಶಿವರಸನ್ ಮತ್ತು ಸಂಗಡಿಗರು ಅಡಗಿ ಕುಳಿತು ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ದೂರದ ಯುದ್ಧಗಳು ದೂರದಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಗಡಿಯಲ್ಲಿ ಏನಾದರೂ ನಡೆದಾಗಲೆಲ್ಲ ‘ಒಮ್ಮೆ ಮುಗಿಸಿಬಿಡಬೇಕು’ ಎಂಬ ಮಾತು ನಮ್ಮ ಚಹಾದಂಗಡಿಗಳಲ್ಲೂ ಟಿವಿ ಸ್ಟುಡಿಯೊಗಳಲ್ಲೂ ಮೊಳಗುತ್ತದೆ. ಏನನ್ನು ಮುಗಿಸುವುದು, ಮುಗಿದದ್ದು ಹೇಗೆ ಗೊತ್ತಾಗುತ್ತದೆ, ಮುಗಿದ ಮರುದಿನ ಅಲ್ಲಿ ಯಾರಿರುತ್ತಾರೆ ಎಂದು ಕೇಳಿದವರು ಅಂಜುಬುರುಕರೆನಿಸಿಕೊಳ್ಳುತ್ತಾರೆ. ದೇಶಕ್ಕೆ ಬಲಿಷ್ಠ ಸೇನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯುದ್ಧಕ್ಕೆ ಹೋಗುವವರು ಬೇರೆಯವರ ಮಕ್ಕಳಾಗಿರುವಾಗ ಈ ಪ್ರಶ್ನೆಗಳನ್ನು ಕೇಳುವುದು ನಮ್ಮಂಥ ಮನೆಯಲ್ಲಿ ಕುಳಿತವರ ಕನಿಷ್ಠ ಕರ್ತವ್ಯ. 1965ರಲ್ಲಿ ವಾಷಿಂಗ್ಟನ್ನಿನಲ್ಲೂ 1987ರಲ್ಲಿ ದೆಹಲಿಯಲ್ಲೂ ಅವನ್ನು ಸಾಕಷ್ಟು ಗಟ್ಟಿಯಾಗಿ ಕೇಳಿದವರು ಕಡಿಮೆ.

ನಮ್ಮ ಜಗಲಿಯಲ್ಲಿ ಅಷ್ಟು ಭಯ ಹುಟ್ಟಿಸಿದ್ದ ಎಂಟರ್‌ಪ್ರೈಸ್ 2012ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು. 2018ರ ಮಾರ್ಚ್‌ನಲ್ಲಿ ಇನ್ನೊಂದು ಅಮೆರಿಕನ್ ವಿಮಾನವಾಹಕ ನೌಕೆ ‘ಕಾರ್ಲ್ ವಿನ್ಸನ್’ ದಾ ನಾಂಗ್ ಬಂದರಿನ ಬಳಿ ಲಂಗರು ಹಾಕಿತು. ಯುದ್ಧ ಮುಗಿದ ಮೇಲೆ ವಿಯೆಟ್ನಾಮಿಗೆ ಬಂದ ಅಂಥ ಮೊದಲ ನೌಕೆ ಅದು. ಐವತ್ತಮೂರು ವರ್ಷಗಳ ಹಿಂದೆ, ಅದೇ ಮಾರ್ಚ್ ತಿಂಗಳಲ್ಲಿ, ಮೆರೀನ್ ಸೈನಿಕರು ಬಂದೂಕು ಹಿಡಿದು ಇಳಿದಿದ್ದದ್ದು ಅದೇ ಕಡಲತೀರದಲ್ಲಿ. ಈ ಬಾರಿ ಹಡಗು ಬಂದದ್ದು ವಿಯೆಟ್ನಾಂ ಸರ್ಕಾರದ ಒಪ್ಪಿಗೆ ಪಡೆದು, ಅತಿಥಿಯಾಗಿ. 5 ಲಕ್ಷ ಸೈನಿಕರಿಂದಲೂ 70 ಲಕ್ಷ ಟನ್ ಬಾಂಬುಗಳಿಂದಲೂ ಅಮೆರಿಕಕ್ಕೆ ಅಲ್ಲಿ ದೊರೆಯದಿದ್ದ ಜಾಗ ಕೊನೆಗೆ ದೊರೆತದ್ದು ವ್ಯಾಪಾರ, ಮಾತುಕತೆ ಮತ್ತು ಪರಸ್ಪರ ಗೌರವದ ಮೂಲಕ. ಅಷ್ಟನ್ನು ತಿಳಿಯಲು ಮೂವತ್ತು ಲಕ್ಷ ಜನ ಸಾಯಬೇಕಾಗಿರಲಿಲ್ಲ.